ಗೂಡು ಕಾಯೋದಿಲ್ಲ

(ಇಬ್ಬರಿಗೂ ಅರವತ್ತು ದಾಟಿದೆ. ಒಬ್ಬರು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುವವರು. ಇನ್ನೊಬ್ಬರು ಪೇಟೆಯಲ್ಲಿ ಗೂಡು ಕೊಂಡು ನೂಲು ಬಿಚ್ಚುವವರು. ರೇಟು ಏರಿದರೆ ಒಬ್ಬರ ಮುಖ ಅರಳುತ್ತದೆ, ಇನ್ನೊಬ್ಬರದು ಬಾಡುತ್ತದೆ. ಆದರೂ ಹರಾಜು ಮುಗಿದ ಮೇಲೆ ಒಂದೇ ಬೆಂಚಿನಲ್ಲಿ ಕೂತು ಟೀ ಕುಡಿಯುವುದು ಹಳೇ ರೂಢಿ.)

ರೀಲರ್: ಏನ್ ಗೌಡ್ರೆ, ಬೆಳೆ ಮೇಲೆ ಬೆಳೆ ಹೋಯ್ತು, ನಿಮ್ಮ ಮುಖಾನೇ ಕಾಣ್ಲಿಲ್ಲ. ಮಗ ಷಿಕಾಗೊಗೆ ಕರೆಸ್ಕೊಂಡಿದ್ದ ಅಂತ ಕೇಳಿದೆ.

ರೈತ: ಷಿಕಾಗೊ ಅಲ್ಲ ಭಾಯ್. ಅಲ್ಲಿಂದ ಕಾರಲ್ಲಿ ಪಶ್ಚಿಮಕ್ಕೆ ಮೂರು ಗಂಟೆ ಹೋಗ್ಬೇಕು. ಮೊಲೀನ್ ಅಂತ ಊರು, ಮಿಸಿಸಿಪ್ಪಿ ಹೊಳೆ ದಡ. ಈಚೆ ದಡ ಇಲಿನಾಯ್, ಆಚೆ ದಡ ಅಯೋವ. ಹುಡುಗ ಅಲ್ಲಿ ಟ್ರ್ಯಾಕ್ಟರ್ ಕಂಪನೀಲಿದ್ದಾನೆ. ಕೇಳಿದೋರಿಗೆ ಷಿಕಾಗೊ ಅಂತ ಹೇಳಿಬಿಡೋದು. ನಾವು ಹೊರಗಡೆ ಹೋದಾಗ ಬೆಂಗಳೂರಿನೋರು ಅಂದ್ಕೊಳ್ಳಲ್ವಾ, ಹಂಗೆ.

ರೀಲರ್: ಟ್ರ್ಯಾಕ್ಟರ್ ಮಾಡೋ ಊರು ಅಂದ್ಮೇಲೆ ಸುತ್ತಮುತ್ತ ಬೇಸಾಯ ಜೋರಾಗಿರ್ಬೇಕು.

ರೈತ: ಬೇಸಾಯ ಜೋರು, ಬೇಸಾಯ ಮಾಡೋನು ಕಾಣಲ್ಲ. ಹೊಳೆ ದಾಟಿ ಒಂದು ಗಂಟೆ ಹೋದ್ರೂ ಎರಡೂ ಕಡೆ ಮುಸುಕಿನ ಜೋಳ, ಅದು ಬಿಟ್ರೆ ಸೋಯಾ. ಅಯೋವದಲ್ಲಿ ಒಬ್ಬೊಬ್ಬನ ಹಿಡುವಳಿ ಸರಾಸರಿ 350 ಎಕರೆ ಹತ್ತಿರ. ನಮ್ಮ ಕಡೆ ಅಷ್ಟು ಜಮೀನಿಗೆ ಒಂದು ಊರು, ಎರಡು ದೇವಸ್ಥಾನ, ಹತ್ತು ವ್ಯಾಜ್ಯ ಇರ್ತವೆ. ಅಲ್ಲಿ ಗಂಡ, ಹೆಂಡತಿ, ಒಂದು ದೊಡ್ಡ ಮಷೀನು, ಅಷ್ಟೇ. ಸಣ್ಣ ಸಣ್ಣ ಊರುಗಳು ಉಂಟು. ರೈಲು ಹಳಿ ಪಕ್ಕ ಕಾಳು ತುಂಬೋ ಎತ್ತರದ ಕಾಂಕ್ರೀಟ್ ಕಣಜ, ಒಂದು ಚರ್ಚು, ಒಂದು ಪೋಸ್ಟ್ ಆಫೀಸು. ಮಕ್ಕಳು ಸಾಲದೆ ಎರಡು ಮೂರು ಊರಿನ ಸ್ಕೂಲು ಸೇರಿಸಿ ಒಂದು ಮಾಡಿರ್ತಾರೆ. ಮಟಮಟ ಮಧ್ಯಾಹ್ನ ಬೀದೀಲಿ ನಿಂತ್ರೆ ಒಬ್ಬ ಮನುಷ್ಯ ಸಿಕ್ಕಲ್ಲ.

ರೀಲರ್: ಹಾಗಾದ್ರೆ ಹರಾಜು ಎಷ್ಟೊತ್ತಿಗೆ?

ರೈತ: ನಾನೂ ಅದನ್ನೇ ಕೇಳಿದೆ. ಮಗ ನಕ್ಕ. ಹರಾಜೇ ಇಲ್ಲ. ರೇಟು ಷಿಕಾಗೊದಿಂದ ಬರುತ್ತೆ. 1848ರಿಂದ ಅಲ್ಲಿ ಕಾಳಿನ ವ್ಯಾಪಾರದ ಮಾರುಕಟ್ಟೆ ಐತಂತೆ. ರೈತ ಮನೇಲಿ ಕೂತು ಫೋನಲ್ಲಿ ರೇಟು ನೋಡ್ತಾನೆ, ಬೇಕಾದ್ರೆ ಕೊಡ್ತಾನೆ. ಬೇಡ ಅನ್ನಿಸಿದ್ರೆ ಹೊಲದಲ್ಲೇ ತಗಡಿನ ಕಣಜ ಇರುತ್ತೆ, ತುಂಬಿ ಇಡ್ತಾನೆ. ಯುಗಾದಿಗೆ ಕೊಡದಿದ್ರೆ ದೀಪಾವಳಿಗೆ. ನನಗೆ ಹೊಟ್ಟೆ ಉರಿದಿದ್ದು ಆ ನೂರಾರು ಎಕರೆ ನೋಡಿ ಅಲ್ಲ ಭಾಯ್, ಆ ಕಣಜ ನೋಡಿ.

ರೀಲರ್: ಉರೀಬೇಕಾದ್ದೇ. ನಿಮ್ಮ ಗೂಡಿಗೆ ಅಷ್ಟು ಆಯಸ್ಸು ಎಲ್ಲಿಂದ ಬರ್ಬೇಕು?

ರೈತ: ಹುಳು ಗೂಡು ಕಟ್ಟಿ ಐದಾರು ದಿನಕ್ಕೆ ಚಂದ್ರಂಕಿ ತಟ್ಟೆಯಿಂದ ಬಿಡಿಸ್ತೀವಿ. ಹತ್ತು ಹನ್ನೆರಡನೇ ದಿನಕ್ಕೆ ಒಳಗಿರೋದು ಚಿಟ್ಟೆಯಾಗಿ ತೂತು ಮಾಡ್ಕೊಂಡು ಆಚೆ ಬರುತ್ತೆ. ತೂತು ಬಿದ್ದ ಗೂಡನ್ನ ನೀವು ಕಾಲಲ್ಲೂ ಮುಟ್ಟಲ್ಲ. ನಡುವೆ ಇರೋದು ನಾಲ್ಕೋ ಐದೋ ದಿನ. ಅಷ್ಟರೊಳಗೂ ದಿನ ದಿನಕ್ಕೆ ತೂಕ ಇಳೀತಾ ಹೋಗುತ್ತೆ. ಹಂಗಾಗಿ ನಾನು ಮಾರ್ಕೆಟ್ ಒಳಕ್ಕೆ ಕಾಲಿಟ್ಟಾಗಲೇ ಅರ್ಧ ಸೋತಿರ್ತೀನಿ. ಈ ರೇಟಿಗೆ ಒಪ್ಪಲ್ಲ ಅಂತ ಹೇಳೋ ಹಕ್ಕು ನನಗೆ ಐತೆ, ದಿಟ. ಒಪ್ಪದೆ ಗೂಡು ತುಂಬ್ಕೊಂಡು ವಾಪಸ್ ಹೋಗಿ ಮಾಡೋದೇನು? ರಾಮನಗರಕ್ಕೆ ಸಾಗಿಸ್ಬೇಕು. ಗಾಡಿ ಬಾಡಿಗೆ, ದಾರಿ ಬಿಸಿಲು, ಮತ್ತೆ ತೂಕ ಇಳಿಯುತ್ತೆ.

ರೀಲರ್: ಇದನ್ನ ನನ್ನ ಮುಂದೆ ಹೇಳ್ತಾನೇ ಬಂದಿದ್ದೀರಿ. ನನ್ನ ಅವಸರ ಯಾವತ್ತಾದ್ರೂ ಕೇಳಿದ್ರಾ? ಬೆಳಿಗ್ಗೆ ಐದಕ್ಕೇ ಒಲೆ ಹಚ್ಚಿರುತ್ತೆ. ನೀರು ಕುದೀತಾ ಇರುತ್ತೆ. ಕೂಲಿಯೋರು ಬಂದು ಕೂತಿರ್ತಾರೆ. ಅವತ್ತು ಗೂಡು ಸಿಕ್ಕದಿದ್ರೂ ಅವರ ಹೊಟ್ಟೆಗೆ ಕೊಡ್ಬೇಕು, ಇಲ್ಲದಿದ್ರೆ ನಾಳೆ ಪಕ್ಕದ ನೂಲು ಬಿಚ್ಚೋ ಬೇಸಿನ್‌ಗೆ ಹೋಗ್ತಾರೆ. ಗೂಡಿಗೆ ನಾನು ಇವತ್ತೇ ದುಡ್ಡು ಕಟ್ಟಬೇಕು. ನನ್ನ ನೂಲು ಧರ್ಮಾವರಕ್ಕೋ ಕಂಚಿಗೋ ಹೋದ್ರೆ ದುಡ್ಡು ಬರೋದು ಅವರ ಸೀರೆ ಮಾರಾಟ ಆದ್ಮೇಲೆ. ಗೂಡು ನಿಮ್ಮನ್ನ ಐದು ದಿನ ಓಡಿಸುತ್ತೆ. ನನ್ನ ಒಲೆ ನನ್ನನ್ನ ದಿನಾ ಓಡಿಸುತ್ತೆ.

ರೈತ: ಓಡಿಸಿದ್ರೂ ನೀವು ಇರೋದು ಮಹಡಿ ಮನೇಲಿ.

ರೀಲರ್: ಕೆಳಗಡೆ ಒಲೆ ಇರೋದ್ರಿಂದ ಮೇಲ್ಗಡೆ ಮಲಗ್ತೀವಿ. ಆ ವಾಸನೇಲಿ ನೀವು ಒಂದು ರಾತ್ರಿ ಮಲಗಿ ನೋಡಿ.

ರೈತ: ಅದೊಂದು ಮಾತು ಒಪ್ತೀನಿ. ಮೊದಲ ಸಲ ಅಪ್ಪನ ಜೊತೆ ಈ ಪೇಟೆಗೆ ಬಂದಾಗ ಬಸ್ಸಿಳಿದ ತಕ್ಷಣ ಮೂಗಿಗೆ ಹೊಡೆದಿತ್ತು, ಬೆಂದ ಹುಳದ ವಾಸನೆ. ‘ಮೂಗು ಮುಚ್ಕೋಬೇಡ, ನಮ್ಮ ದುಡ್ಡಿನ ವಾಸನೆ ಅದು’ ಅಂದಿದ್ರು ಅಪ್ಪ. ಆಗಿನ್ನೂ ಚಿಕ್ಕ ರೈಲು ಓಡ್ತಿತ್ತು, ಕೋಲಾರದಿಂದ ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಮೇಲೆ. ಹೊಲದ ಬದೂಲಿ ಜನ ನಿಂತು ಕೈ ಬೀಸಿದ್ರೆ ನಿಲ್ತದೇನೋ ಅನ್ನೋಹಂಗೆ ಹೋಗ್ತಿತ್ತು.

ರೀಲರ್: ಈಗಿನ ದೊಡ್ಡ ಹಳಿ ಬಂದಿದ್ದು 2013ರಲ್ಲಿ. ಆ ನಡುವೆ ರೈಲಿಲ್ಲದೆ ಬೆಳೆದ ಹುಡುಗರಿಗೆ ಸ್ಟೇಷನ್ ಅಂದ್ರೆ ಕ್ರಿಕೆಟ್ ಆಡೋ ಜಾಗ.

ರೈತ: ಗೂಡಿನ ವಿಷಯಕ್ಕೆ ಬನ್ನಿ. ನಿಮ್ಮೋರು ಗೂಡು ಹರಡಿರೋ ಜಾಲರಿ ಮುಂದೆ ನಿಂತು ಮಾಡ್ತಿದ್ದ ಆಟ ನಾನು ಮರೆತಿಲ್ಲ. ಹಿಡಿ ಗೂಡು ಎತ್ಕೊಳ್ಳೋದು, ಹೆಬ್ಬೆಟ್ಟಲ್ಲಿ ಒತ್ತೋದು, ಒಂದನ್ನ ಕಿವಿ ಹತ್ತಿರ ಅಲ್ಲಾಡಿಸೋದು, ಮುಖ ಹುಳ್ಳಗೆ ಮಾಡ್ಕೊಂಡು ಮುಂದಕ್ಕೆ ಹೋಗೋದು. ಹಿಂದೆ ಬರೋನು ಅದನ್ನ ನೋಡಿ ಇನ್ನೂ ಹತ್ತು ರೂಪಾಯಿ ಕಮ್ಮಿ ಕೂಗೋನು. ಒಳಗೊಳಗೇ ಮಾತಾಗಿರ್ತಿತ್ತು, ಇವತ್ತು ಇಂತಿಷ್ಟರ ಮೇಲೆ ಯಾರೂ ಹೋಗ್ಬಾರ್ದು ಅಂತ. ನಿಜ ಹೇಳಿ.

ರೀಲರ್: ಇತ್ತು. ಎಲ್ಲ ದಿನ ಅಲ್ಲ, ಇತ್ತು. ಆದ್ರೆ ಅಲ್ಲಾಡಿಸೋದು ಆಟ ಅಲ್ಲ ಗೌಡ್ರೆ. ಒಳಗಡೆ ಪ್ಯೂಪಾ ಗಟ್ಟಿಯಾಗಿದ್ರೆ ಲಟಲಟ ಅನ್ನುತ್ತೆ. ಸದ್ದು ಬರದಿದ್ರೆ ಎರಡರಲ್ಲಿ ಒಂದು. ಹುಳು ಒಳಗೇ ಸತ್ತು ಕರಗಿ ಅಂಟಿದೆ, ಇಲ್ಲ ನೀವು ಒಂದು ದಿನ ಮುಂಚೆ ಬಿಡಿಸ್ಕೊಂಡು ಬಂದಿದ್ದೀರಿ, ತೂಕ ಜಾಸ್ತಿ ಬರಲಿ ಅಂತ. ಎರಡರಲ್ಲೂ ನನ್ನ ನೂಲಿಗೆ ಕಲೆ. ಒತ್ತಿ ನೋಡೋದು ಯಾಕೆ ಅಂದ್ರೆ ಸಿಪ್ಪೆ ಗಟ್ಟಿ ಇದ್ರೆ ಎಳೆ ಉದ್ದ ಬರುತ್ತೆ. ಒಳ್ಳೇ ಬಿಳೀ ಬೈವೋಲ್ಟೈನ್ ಗೂಡಲ್ಲಿ ಒಂದೇ ಎಳೆ ಸಾವಿರ ಮೀಟರು ಬಿಚ್ಚಬಹುದು, ಮಿಶ್ರತಳಿ ಸಿಬಿ ಹಳದಿ ಗೂಡಲ್ಲಿ ಅಷ್ಟು ಬರಲ್ಲ. ಆರು ಕೆಜಿ ಗೂಡಿಗೆ ಒಂದು ಕೆಜಿ ನೂಲು ಬರುತ್ತೋ, ಎಂಟು ಕೆಜಿ ಬೇಕಾಗುತ್ತೋ, ಆ ಲೆಕ್ಕಾನ ಅರ್ಧ ನಿಮಿಷದಲ್ಲಿ ಹೆಬ್ಬೆಟ್ಟಲ್ಲಿ ಮಾಡ್ಬೇಕು ನಾನು. ಅದು ತಪ್ಪಿದ್ರೆ ಆ ಲಾಟಿನ ಲಾಭ ಅಷ್ಟೂ ಹೋಯ್ತು. ಇನ್ನು ಆಟದ ಮಾತಾದ್ರೆ, ಮೇಲ್ಗಡೆ ಒಳ್ಳೇ ಗೂಡು ಹರಡಿ ಕೆಳಗಡೆ ಜೊಳ್ಳು ತುಂಬಿದೋರು ಯಾರು?

ರೈತ: ನಾನಂತೂ ಅಲ್ಲ.

ರೀಲರ್: ನಾನೂ ಒಳಮಾತಿಗೆ ಸೇರಿದೋನಲ್ಲ.

(ಇಬ್ಬರೂ ನಕ್ಕರು. ಇಬ್ಬರ ಮಾತನ್ನೂ ಇಬ್ಬರೂ ನಂಬಲಿಲ್ಲ ಅಂತ ಪಕ್ಕದಲ್ಲಿ ಕೂತು ಕೇಳುತ್ತಿದ್ದ ನನಗೂ ಗೊತ್ತಾಯಿತು.)

ರೈತ: ಅದಕ್ಕೇ ನಾನು ಈ ಇ-ಹರಾಜಿಗೆ ಕೈ ಮುಗಿಯೋದು. ಗೂಡಿಗೂ ಮೊಟ್ಟೆಗೂ ಕಾಯ್ದೆ ಅಂತ ಬಂದಿದ್ದು 1959ರಲ್ಲಿ. ಅದಕ್ಕೆ ಮುಂಚೆ ದಲ್ಲಾಳಿ ಹಟ್ಟಿ ಬಾಗಿಲಿಗೇ ಬಂದು, ಮುಂಗಡ ಕೊಟ್ಟ ಸಾಲ ಮುರ್ಕೊಂಡು, ಅವನ ತಕ್ಕಡೀಲೇ ತೂಗಿ ಹೊರಿಸ್ಕೊಂಡು ಹೋಗೋನು ಅಂತ ಅಪ್ಪ ಹೇಳ್ತಿದ್ರು. ಆಮೇಲೆ ಸರ್ಕಾರಿ ಮಾರ್ಕೆಟ್ಟು, ಕೂಗೋ ಹರಾಜು. ಈಗ ಲಾಟ್ ನಂಬರು, ನಿಮ್ಮ ಕೈಲಿ ಮೊಬೈಲು. ಪಕ್ಕದೋನು ಎಷ್ಟು ಒತ್ತಿದ ಅಂತ ನಿಮಗೆ ಕಾಣಲ್ಲ. ಎಲೆಕ್ಟ್ರಾನಿಕ್ ತಕ್ಕಡಿ ತೂಕಾನ ನೇರ ಕಂಪ್ಯೂಟರಿಗೆ ಕೊಡುತ್ತೆ, ದುಡ್ಡು ಬ್ಯಾಂಕಿಗೆ ಬೀಳುತ್ತೆ. ನನಗೆ ಯಾರ ಮುಖಾನೂ ನೋಡ್ಬೇಕಾಗಿಲ್ಲ.

ರೀಲರ್: ಮುಖ ನೋಡೋದು ಬೇಡ ಅಂದೋರು ನನ್ನ ಪಕ್ಕ ಯಾಕೆ ಕೂತಿದ್ದೀರಿ?

ರೈತ: ಟೀ ಕುಡಿಯೋಕೆ.

ರೀಲರ್: ನೋಡಿ, ಮೋಸ ಕಮ್ಮಿ ಆಯ್ತು, ಅದನ್ನ ನಾನೂ ಒಪ್ತೀನಿ. ನೆಟ್ಟಗಿರೋ ರೀಲರಿಗೂ ಅದು ಒಳ್ಳೇದೇ. ಆದ್ರೆ ಕೂಗೋ ಹರಾಜಲ್ಲಿ ಇನ್ನೊಂದಿತ್ತು. ನಿಮ್ಮ ಹುಳಕ್ಕೆ ಹಾಲುತೊಂಡೆ ರೋಗ ಬಿದ್ದು ಬೆಳೆ ಅರ್ಧ ಹೋಗಿತ್ತಲ್ಲ, ಆವಾಗ ನೀವು ಜಾಲರಿ ಪಕ್ಕ ತಲೆ ತಗ್ಗಿಸಿ ನಿಂತಿದ್ದು ನಾನು ನೋಡಿದೆ. ನೋಡಿದ್ಮೇಲೆ ಐದು ರೂಪಾಯಿ ಜಾಸ್ತಿ ಕೂಗಿದೆ. ಮೊಬೈಲಲ್ಲಿ ಲಾಟ್ ನಂಬರ್ ತಲೆ ತಗ್ಗಿಸಲ್ಲ.

ರೈತ: ಆ ಐದು ರೂಪಾಯಿ ನೀವು ಇನ್ನೊಬ್ಬನ ಗೂಡಲ್ಲಿ ಮುರ್ಕೊಂಡಿರ್ತೀರಿ.

ರೀಲರ್: ಮುರ್ಕೊಂಡಿರ್ತೀನಿ. ವ್ಯಾಪಾರ ಅಲ್ವಾ?

ರೈತ: ಮೊಲೀನಿನ ಆಚೆ ದಡದಲ್ಲಿ ಒಬ್ಬ ರೈತನ ಮನೆಗೆ ಹೋಗಿದ್ವಿ. ಮಗನ ಕಂಪನಿ ಮಷೀನು ಕೊಂಡೋನು. ಬಾಯ್ತುಂಬ ಮಾತಾಡಿಸಿದ. ನಿನ್ನ ಜೋಳ ಯಾರು ತಿಂತಾರೆ ಅಂತ ಕೇಳಿದೆ. ಗೊತ್ತಿಲ್ಲ ಅಂದ. ಒಂದು ಪಾಲು ಹಂದಿಗೆ, ದನಕ್ಕೆ, ಇನ್ನೊಂದು ಪಾಲು ಕಾರಿಗೆ ಹಾಕೋ ಎಥನಾಲ್‌ಗೆ ಅಂದ. ಕೊಂಡೋನು ಯಾರು ಅಂದ್ರೆ, ಆ ಕಾಂಕ್ರೀಟ್ ಕಣಜ ತೋರಿಸಿದ. ಬೈಯೋಣ ಅಂದ್ರೂ ಅವನಿಗೆ ಒಬ್ಬ ಸಾಬಿಲ್ಲ ಭಾಯ್.

ರೀಲರ್: ಪುಣ್ಯವಂತ! ಇಲ್ಲಿ ನಿಮಗೆ ಬೈಯೋಕೆ ಪೇಟೆ ತುಂಬ ಇದ್ದೀವಿ. ನಿಮ್ಮ ಮನೇಲಿ ತೆಲುಗು, ನಮ್ಮ ಮನೇಲಿ ಉರ್ದು, ಜಗಳಕ್ಕೆ ಕನ್ನಡ.

ರೈತ: ಇನ್ನೊಂದು ನೋಡಿದೆ. ಅವನಿಗೆ ದುಡ್ಡು ಬರೋದು ವರ್ಷಕ್ಕೊಂದು ಸಲ. ಬಿತ್ತೋಕೆ ಸಾಲ, ಕೊಯ್ದ ಮೇಲೆ ತೀರಿಸೋದು. ನಮ್ಮ ಕಡೆ ಮಳೆ ನಂಬಿ ರಾಗಿ, ಕಡ್ಲೆಕಾಯಿ ಇಡೋರದೂ ಅದೇ ಪಾಡಲ್ವಾ? ಹುಳು ಸಾಕೋನಿಗೆ ಹಂಗಲ್ಲ. ಎಳೇ ಚಾಕಿ ಹುಳು ತಂದು ಎರಡೂವರೆ ಮೂರು ವಾರಕ್ಕೆ ಗೂಡು. ಒಂದೂವರೆ ಎಕರೆ ತೋಟಾನ ಎರಡು ಭಾಗ ಮಾಡ್ಕೊಂಡ್ರೆ ತಿಂಗಳಾ ತಿಂಗಳಾ ಗೂಡು, ನಡುವೆ ಹದಿನೈದು ದಿನಕ್ಕೊಂದು ಸಲ ಡೇರಿ ಹಾಲಿನ ಬಟವಾಡೆ. ಮಿಕ್ಕ ಸೊಪ್ಪು, ಕಡ್ಡಿ ಹಸುವಿಗೆ. ಹುಳದ ಹಿಕ್ಕೆ, ಸಗಣಿ ಎರಡೂ ವಾಪಸ್ ತೋಟಕ್ಕೆ. ಹೊಳೆ ಇಲ್ಲದ, ನಾಲೆ ಇಲ್ಲದ ಈ ಸೀಮೇಲಿ ಹಳ್ಳಿಗಳು ಇನ್ನೂ ತುಂಬಿರೋದು ಅದ್ರಿಂದ ಅಂತ ನನಗೆ ಅನ್ನಿಸುತ್ತೆ. ಮಣ್ಣಿನ ಮೇಲಿನ ಪ್ರೀತಿ ಅನ್ನೋದೆಲ್ಲ ಭಾಷಣಕ್ಕೆ. ತಿಂಗಳಿಗೊಂದು ಸಲ ಕೈಗೆ ಕಾಸು ಬಂದ್ರೆ ಮನುಷ್ಯ ಊರಲ್ಲಿರ್ತಾನೆ. ಗೂಡು ಕಾಯಲ್ಲ ಅಂತ ನಾನು ಅಳ್ತೀನಿ. ಕಾಯದೆ ಇರೋದ್ರಿಂದಲೇ ದುಡ್ಡು ಬೇಗ ಬರುತ್ತೆ ಅನ್ನೋದು ಅಲ್ಲಿ ಹೋಗಿ ಕೂತಾಗ ಹೊಳೀತು.

ರೀಲರ್: ಹೊಳೆಯೋಕೆ ಅಷ್ಟು ದೂರ ಹೋಗ್ಬೇಕಾಗಿತ್ತಾ? ನನ್ನ ಕೇಳಿದ್ರೆ ಟೀ ಕಾಸಲ್ಲಿ ಹೇಳ್ತಿದ್ದೆ. ಅತ್ತಿಗೆ ಏನಂದ್ರು ಅಮೆರಿಕ ನೋಡಿ?

ರೈತ: ಮೊದಲ ವಾರ ಬರೀ ನಿದ್ದೆ ಮಾಡಿದ್ಲು. ಮದುವೆಯಾಗಿ ಬಂದಾಗಿಂದ ರಾತ್ರಿ ಹತ್ತಕ್ಕೆ ಸೊಪ್ಪು ಹಾಕಿ, ನಸುಕಲ್ಲಿ ಎದ್ದು ಸೊಪ್ಪು ಹಾಕಿದೋಳು. ನಾಲ್ಕನೇ ಸಲ ಪೊರೆ ಕಳಚಿ ಜ್ವರದಿಂದ ಎದ್ದ ಮೇಲೆ ಹುಳು ತಿನ್ನೋದು ನೋಡಿದ್ದೀರಲ್ಲ, ಮನೆಯೊಳಗೆ ಮಳೆ ಬಿದ್ದಂಗೆ ಸದ್ದು. ಇಡೀ ಬೆಳೇಲಿ ತಿನ್ನೋ ಸೊಪ್ಪಲ್ಲಿ ನೂರಕ್ಕೆ ಎಂಬತ್ತು ಪಾಲು ಆ ಒಂದು ವಾರದಲ್ಲೇ ತಿಂದುಬಿಡ್ತವೆ. ಆ ವಾರದಲ್ಲಿ ಮದುವೆ ಇಲ್ಲ, ತಿಥಿ ಇಲ್ಲ. ಅವಳ ತಮ್ಮನ ಗೃಹಪ್ರವೇಶಕ್ಕೆ ನಾನೊಬ್ಬನೇ ಹೋಗಿದ್ದೆ, ಹುಳು ಹಣ್ಣಾಗ್ತಿತ್ತು ಅಂತ. ಹುಳು ಮನೆಗೆ ಹೊರಗಿನೋರು ಕಾಲು ತೊಳೀದೆ ಬರೋಹಂಗಿಲ್ಲ. ಬೀಡಿ, ಊದುಬತ್ತಿ, ಸೆಂಟು ಒಂದೂ ಇಲ್ಲ. ಬ್ಲೀಚಿಂಗ್ ಪೌಡರ್ ವಾಸನೆ ಅವಳ ಸೀರೆಗೇ ಹತ್ಕೊಂಡಿರುತ್ತೆ. 1980ರಲ್ಲಿ ಬಂಗಾಳದ ಕಡೆಯಿಂದ ಊಜಿ ನೊಣ ಬಂತಲ್ಲ, ಆವಾಗ ಒಂದೊಂದೇ ಹುಳ ತಿರುವಿ ಕಪ್ಪು ಚುಕ್ಕೆ ಹುಡುಕ್ತಾ ಕೂತಿದ್ದು ನಮ್ಮವ್ವ. ಕಿಟಕಿಗೆ ನೈಲಾನ್ ಪರದೆ ಆಮೇಲೆ ಬಂತು. ಪಾಸ್‌ಪುಸ್ತಕ ಮಾತ್ರ ಇವತ್ತಿಗೂ ನನ್ನ ಹೆಸರಲ್ಲೇ ಐತೆ.

ರೀಲರ್: ಅದನ್ನ ಅತ್ತಿಗೆ ಹೇಳಿದ್ರಾ?

ರೈತ: ವಿಮಾನದಲ್ಲಿ ಬರೋವಾಗ ಹೇಳಿದ್ಲು. ತಪ್ಪಿಸ್ಕೊಂಡು ಹೋಗೋಕೆ ಅಲ್ಲಿ ಜಾಗ ಇರಲಿಲ್ಲ.

ರೀಲರ್: ನಮ್ಮಲ್ಲೂ ಎಳೆ ಹುಡುಕೋದು ಹೆಂಗಸರೇ. ಕುದಿಯೋ ನೀರಿಗೆ ಬೆರಳು ಅದ್ದಿ ಅದ್ದಿ ಬೆರಳ ತುದಿ ಬೆಳ್ಳಗೆ ಸುಕ್ಕಾಗಿರುತ್ತೆ. ಸಂಜೆ ಮನೆಗೆ ಹೋಗಿ ಖಾರ ಕಲಸಿದ್ರೆ ಉರೀತದೆ ಅಂತಾರೆ. ಹೊಗೆಗೆ ಉಬ್ಬಸ.

ರೈತ: ಮಕ್ಕಳೂ ಇದ್ರಲ್ಲ ಭಾಯ್. ಅದನ್ನ ನುಂಗಬೇಡಿ.

ರೀಲರ್: ನುಂಗಲ್ಲ. ಇದ್ರು. ಅಪ್ಪ ತಗೊಂಡ ಸಾಲಕ್ಕೆ ಮಕ್ಕಳು ಚರಕ ತಿರುಗಿಸ್ತಿದ್ರು. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್‌ನವರು ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳ ರೇಷ್ಮೆ ಕೆಲಸದಲ್ಲಿ ಜೀತಕ್ಕಿರೋ ಮಕ್ಕಳ ಬಗ್ಗೆ ದೊಡ್ಡ ವರದಿ ಮಾಡಿದ್ರು. ಆವಾಗ ಈ ಕಸುಬಿನ ಎಷ್ಟೋ ಜನಕ್ಕೆ ಕೋಪ ಬಂದಿತ್ತು, ಹೆಸರು ಕೆಡಿಸಿದ್ರು ಅಂತ. ನನ್ನ ಮಗಳು ಆವಾಗ ಸ್ಕೂಲಿಗೆ ಹೋಗ್ತಿದ್ಲು. ಪಕ್ಕದ ಬೇಸಿನ್ ಹುಡುಗಿ ಅವಳ ವಾರಿಗೆಯೋಳೇ, ಸ್ಕೂಲಿಲ್ಲ. ಕೋಪ ಮಾಡ್ಕೊಳ್ಳೋಕೆ ನನಗೆ ಬಾಯಿ ಬರಲಿಲ್ಲ.

ರೈತ: ಈಗ?

ರೀಲರ್: ಈಗ ದೊಡ್ಡೋರೇ ಸಿಕ್ಕಲ್ಲ, ಮಕ್ಕಳೆಲ್ಲಿಂದ? ನನ್ನ ಮಗನೇ ಒಲ್ಲೆ ಅಂದ. ಈಗ ಆಟೊಮ್ಯಾಟಿಕ್ ರೀಲಿಂಗ್ ಮಷೀನು ಬಂದಿದೆ, ಸರ್ಕಾರ ಸಬ್ಸಿಡಿ ಕೊಡುತ್ತೆ. ಚೆನ್ನಾಗೇ ಬಿಚ್ಚುತ್ತೆ, ನೂಲು ಒಂದೇ ಸಮ, ಕೈ ಬೇಯಲ್ಲ. ಆದ್ರೆ ಅದಕ್ಕೆ ಬಿಳೀ ಬೈವೋಲ್ಟೈನ್ ಗೂಡೇ ಬೇಕು, ಅದೂ ರಾಶಿ ರಾಶಿ. ಸಬ್ಸಿಡಿ ಕಳೆದ ಮೇಲೂ ನನ್ನ ಪಾಲಿಗೆ ಉಳಿಯೋ ದುಡ್ಡು ನನ್ನ ಮನೆಗಿಂತ ದೊಡ್ಡದು. ನಾಲ್ಕು ಬೇಸಿನ್ ಇಟ್ಕೊಂಡಿರೋನು ಅದರ ಮುಂದೆ ನಿಲ್ಲಲ್ಲ. ಆ ಮಷೀನು ಹತ್ತು ಬಂದ್ರೆ ಈ ಪೇಟೇಲಿ ನೂರು ಒಲೆ ಆರುತ್ತೆ.

ರೈತ: ನೋಡಿ, ನಿಮಗೂ ಆ ಅಯೋವದ ಹಣೆಬರಹವೇ. ಮಷೀನು ದೊಡ್ಡದಾದಂಗೆಲ್ಲ ಊರು ಚಿಕ್ಕದಾಗುತ್ತೆ.

ರೀಲರ್: ನನಗೆ ಮಷೀನಿಗಿಂತ ಚೀನಾ ಭಯ ಜಾಸ್ತಿ ಇತ್ತು. 2011ರ ಕೇಂದ್ರ ಬಜೆಟ್ಟಲ್ಲಿ ಕಚ್ಚಾ ರೇಷ್ಮೆ ಆಮದು ಸುಂಕಾನ ಒಂದೇ ಏಟಿಗೆ ನೂರಕ್ಕೆ 30ರಿಂದ 5ಕ್ಕೆ ಇಳಿಸಿದ್ರಲ್ಲ, ನೆನಪಿದೆಯಾ? ನೇಕಾರರಿಗೆ ಅಗ್ಗವಾಗಿ ಸಿಗಲಿ ಅಂತ. ಗೂಡಿನ ರೇಟು ನೆಲ ಕಚ್ತು. ಆವಾಗ ನೀವು, ನಾವು ಒಂದೇ ರಸ್ತೇಲಿ ಕೂತಿದ್ವಿ.

ರೈತ: ನೆನಪಿಲ್ದೆ ಏನು? ಅಷ್ಟು ವರ್ಷದಲ್ಲಿ ನಾವಿಬ್ಬರೂ ಒಂದೇ ಕಡೆ ಕೂಗಿದ್ದು ಅದೊಂದೇ ಸಲ. 2013ರಲ್ಲಿ ಸುಂಕ 15ಕ್ಕೆ ಏರಿಸಿದ್ರು, ಅಷ್ಟರೊಳಗೆ ಎಷ್ಟೋ ಜನ ಗಿಡ ಕಿತ್ತು ಟೊಮೊಟೊ ಹಾಕಿದ್ರು. ದೆಹಲೀಲಿ ಒಂದು ಅಂಕಿ ತಿದ್ದಿದ್ರೆ ನಮ್ಮೂರಲ್ಲಿ ಬೇರು ಕಿತ್ತು ಬರುತ್ತೆ. 2020ರ ಲಾಕ್‌ಡೌನ್‌ನಲ್ಲೂ ಅಷ್ಟೇ. ಮದುವೆ ನಿಂತ್ವು, ಸೀರೆ ನಿಂತ್ವು, ಮಗ್ಗ ನಿಂತ್ವು, ಹುಳು ಮಾತ್ರ ನಿಲ್ಲಲಿಲ್ಲ. ಎರಡು ವರ್ಷ ಕಳೆಯೋದ್ರೊಳಗೆ ಬೈವೋಲ್ಟೈನ್ ಸಾವಿರದ ಹತ್ತಿರಕ್ಕೆ ಹೋಗಿ ನಿಂತು, ಗಿಡ ಕಿತ್ತೋರೆಲ್ಲ ಕೈ ಹಿಸುಕ್ಕೊಂಡ್ರು.

ರೀಲರ್: ಟೊಮೊಟೊ ಅಂದ್ರಲ್ಲ, ನಿಮ್ಮ ಪಕ್ಕದ ದ್ರಾಕ್ಷಿ ತೋಟದೋನ ಜೊತೆ ಜಗಳ ಏನಾಯ್ತು?

ರೈತ: ಅದಿನ್ನೂ ಐತೆ. ಅವನು ದ್ರಾಕ್ಷಿಗೆ ಔಷಧಿ ಹೊಡೀತಾನೆ, ಗಾಳಿ ನನ್ನ ಕಡೆಗೆ. ಸೊಪ್ಪು ನೋಡೋಕೆ ಹಸಿರಾಗೇ ಇರುತ್ತೆ. ತಂದು ಹಾಕಿದ್ರೆ ಹುಳು ತಲೆ ಎತ್ತಿ ಆ ಕಡೆ ಈ ಕಡೆ ಒದ್ದಾಡಿ, ಬಾಯಲ್ಲಿ ಹಸಿರು ನೀರು ಕಕ್ಕಿ, ಗಿಡ್ಡಗಾಗಿ ಸತ್ತು ಬೀಳ್ತವೆ. ಇಪ್ಪತ್ತು ದಿನದ ಕೆಲಸ ಮಧ್ಯಾಹ್ನದೊಳಗೆ ತಿಪ್ಪೆಗೆ. ಅವನ ಬೆಳೆ ಅವನು ಉಳಿಸ್ಕೋಬೇಡ್ವಾ ಅಂದ್ರೆ, ಅದೂ ಸರಿ. ಈಗ ಔಷಧಿ ಹೊಡೆಯೋ ಹಿಂದಿನ ದಿನ ಫೋನ್ ಮಾಡು ಅಂತ ಒಪ್ಪಂದ. ಒಂದೊಂದ್ಸಲ ಮಾಡ್ತಾನೆ. ಅಯೋವದಲ್ಲೂ ಇದೇ ಗಲಾಟೆ. ಡೈಕಾಂಬಾ ಅಂತ ಕಳೆನಾಶಕ. ಒಬ್ಬನ ಹೊಲಕ್ಕೆ ಹೊಡೆದ್ರೆ ಆವಿಯಾಗಿ ಪಕ್ಕದೋನ ಸೋಯಾ ಎಲೆ ಮುದುರ್ಕೊಳ್ಳುತ್ತೆ. ಅವರು ಕೋರ್ಟಿಗೆ ಹೋಗ್ತಾರೆ. ನಾನು ಎದುರಿಗೆ ಸಿಕ್ಕಾಗ ಮಾತು ಬಿಟ್ಟಿರ್ತೀನಿ, ಹಬ್ಬಕ್ಕೆ ಅವನ ಹೆಂಡತಿ ಒಬ್ಬಟ್ಟು ಕಳಿಸಿದ್ರೆ ಮತ್ತೆ ಆಡ್ತೀನಿ.

ರೀಲರ್: ನೀರು?

ರೈತ: ಅದನ್ನ ಯಾಕೆ ಕೇಳ್ತೀರಿ. ಸಾವಿರದ ಇನ್ನೂರು ಅಡಿ ಬೋರು ಕೊರೆಸಿದ್ದೀನಿ. ಮೊದಲು ಧೂಳು, ಆಮೇಲೆ ಬಿಸಿ ನೀರು, ಅದರಲ್ಲಿ ಫ್ಲೋರೈಡು. ಎತ್ತಿನಹೊಳೆ ನೀರಿನ ಯೋಜನೆಗೆ 2014ರಲ್ಲಿ ಚಿಕ್ಕಬಳ್ಳಾಪುರದಲ್ಲೇ ಅಡಿಗಲ್ಲು ಹಾಕಿದ್ರು. 2024ರಲ್ಲಿ ಸಕಲೇಶಪುರದ ಹತ್ತಿರ ನೀರೆತ್ತಿದ್ರು, ಟಿವೀಲಿ ನೋಡಿದ್ವಿ. ನಮಗೆ ಬಂದಿರೋದು ಬೆಂಗಳೂರಿನ ಹೆಬ್ಬಾಳ, ನಾಗವಾರದ ಕೊಳಚೆ ನೀರು ಸೋಸಿ ಕೆರೆಗೆ ಬಿಡೋದು. ಮೂರನೇ ಹಂತಕ್ಕೂ ಸೋಸಿ ಬಿಡಿ ಅಂತ ಹೋರಾಟದೋರು ಕೇಳ್ತಾನೇ ಇದ್ದಾರೆ. ಕೆರೆ ತುಂಬಿದ್ರೆ ಬೋರಲ್ಲಿ ನೀರು ಮೇಲಕ್ಕೆ ಬರುತ್ತೆ, ಆ ಸಂತೋಷ ಸುಳ್ಳಲ್ಲ. ಕುಡಿಯೋಕೆ ಧೈರ್ಯ ಇಲ್ಲ ಅನ್ನೋದೂ ಸುಳ್ಳಲ್ಲ. 2021ರ ನವೆಂಬರಲ್ಲಿ ದೇವರ ಮಳೆಗೆ ಕೆರೆಗಳು ಕೋಡಿ ಬಿದ್ದಾಗ ಬಾಗಿನ ಬಿಡೋದು ಹೇಗೆ ಅಂತ ಹುಡುಗೀರಿಗೆ ಗೊತ್ತೇ ಇರಲಿಲ್ಲ, ನಮ್ಮ ಅತ್ತೇನ ಕರೆಸಿ ಕೇಳಿದ್ರು.

ರೀಲರ್: ಗಡಸು ನೀರಾದ್ರೆ ನನಗೂ ಕಷ್ಟವೇ. ನೂಲಿನ ಹೊಳಪು ಹೋಗುತ್ತೆ, ಕಂಚಿಯೋನು ರೇಟು ಮುರೀತಾನೆ. ಇನ್ನೊಂದು ಕೇಳಲಾ, ಬೇಜಾರು ಮಾಡ್ಕೋಬೇಡಿ. ಜಂಗಮಕೋಟೆ ಕಡೆ ಕೈಗಾರಿಕೆಗೆ ಅಂತ ಎರಡು ಸಾವಿರ ಎಕರೆಗೂ ಮಿಕ್ಕಿ ಕೇಳ್ತಿದ್ದಾರಲ್ಲ. ಕೊಡೋಣ ಅನ್ನೋರು ಒಂದು ಗುಂಪು, ಬೇಡ ಅನ್ನೋರು ಒಂದು ಗುಂಪು. ನಿಮ್ಮದು ಯಾವುದು?

ರೈತ: ನನ್ನ ಜಮೀನು ಆ ಗೆರೆಯೊಳಗೆ ಇಲ್ಲ. ಇಲ್ಲದೋನು ಬುದ್ಧಿ ಹೇಳೋದು ಸುಲಭ. ದೇವನಹಳ್ಳಿ ಏರ್‌ಪೋರ್ಟ್ 2008ರಲ್ಲಿ ಶುರುವಾದಾಗಿಂದ ಈ ಕಡೆ ನೆಲ ಅಂದ್ರೆ ಚದರಡಿ. ಪಕ್ಕದ ಚನ್ನರಾಯಪಟ್ಟಣ ಹೋಬಳಿ ಜನ ಮೂರು ವರ್ಷಕ್ಕೂ ಮೇಲೆ ಧರಣಿ ಕೂತು 2025ರ ಜುಲೈನಲ್ಲಿ ಸರ್ಕಾರ ಕೈಬಿಡೋಹಂಗೆ ಮಾಡಿದ್ರು. ಅದನ್ನ ನೋಡಿ ಇಲ್ಲಿನ ಕೆಲವರಿಗೆ ಧೈರ್ಯ ಬಂತು. ಕೆಲವರಿಗೆ, ‘ಅಯ್ಯೋ, ನಮ್ಮದೂ ಕೈಬಿಟ್ಟರೆ ಏನಪ್ಪಾ ಗತಿ’ ಅಂತ ಭಯ ಬಂತು. ಬೋರು ಬತ್ತಿ ಸಾಲ ಇರೋನಿಗೆ ಆ ದುಡ್ಡು ಬೇಕೇ ಬೇಕು, ಅವನನ್ನ ನಾನು ಬೈಯಲ್ಲ. ನನ್ನ ಮಗನೂ ಫೋನಲ್ಲಿ ನಿಧಾನಕ್ಕೆ ಅದೇ ರಾಗ ಎಳೀತಾನೆ. ಮಾರಿ ಚಿಕ್ಕಬಳ್ಳಾಪುರದಲ್ಲಿ ಸೈಟು ತಗೊಳ್ಳಿ, ಅಮ್ಮಂಗೂ ರೆಸ್ಟು ಅಂತ.

ರೀಲರ್: ಮಾರಿದ್ರೆ ನನಗೆ ಗೂಡು?

ರೈತ: ನಿಮಗೆ ಮದನಪಲ್ಲಿಯಿಂದ ಬರುತ್ತೆ, ಹಿಂದೂಪುರದಿಂದ ಬರುತ್ತೆ. ಈಗಲೂ ಬೆಳಿಗ್ಗೆ ಮಾರ್ಕೆಟ್ ಮುಂದೆ ನಿಂತಿರೋ ಗಾಡಿಗಳ ನಂಬರ್ ನೋಡಿ, ಆಂಧ್ರದ್ದು ಎಷ್ಟಿದ್ದಾವೆ ಅಂತ.

ರೀಲರ್: ಬರುತ್ತೆ. ಆದ್ರೆ ಅವರ ತೋಟ ಯಾವುದು, ಯಾರು ಹುಳು ಚೆನ್ನಾಗಿ ನೋಡ್ಕೊಳ್ತಾರೆ, ಯಾರು ಒಂದು ದಿನ ಮುಂಚೆ ಬಿಡಿಸ್ತಾರೆ, ಒಂದೂ ಗೊತ್ತಿಲ್ಲ. ನಿಮ್ಮ ಗೂಡಾದ್ರೆ ಕಣ್ಣು ಮುಚ್ಕೊಂಡು ಒತ್ತಬಹುದು ಮೊಬೈಲು.

ರೈತ: ಕಣ್ಣು ಮುಚ್ಕೊಂಡು ಇವತ್ತು ಎಷ್ಟು ಕಮ್ಮಿಗೆ ಒತ್ತಿದ್ರಿ ಅಂತ ಮೆಸೇಜಲ್ಲಿ ಬಂದಿದೆ.

ರೀಲರ್: ಎರಡನೇ ಸಲದ ಹರಾಜಿಗೆ ಬಿಡ್ಬೇಕಿತ್ತು ನೀವು. ಒಪ್ಕೊಂಡು ಈಗ ನನ್ನ ಮೇಲೆ ಯಾಕೆ? ಹೋಗಲಿ, ಮುಂದಿನ ಬೆಳೆ ಯಾವಾಗ?

ರೈತ: ಮೂರನೇ ಜ್ವರ ಎದ್ದಿದಾವೆ. ಇನ್ನೂರು ಮೊಟ್ಟೆ, ಬಿಳೀ ಗೂಡು. ಮೋಡ ಮುಚ್ಕೊಳ್ಳದಿದ್ರೆ ಸಾಕು.

ರೀಲರ್: ಕೆಜಿಗೆ ಎಷ್ಟು ಬಂದ್ರೆ ಬಿಡ್ತೀರಿ? ಸುಮ್ನೆ ಮಾತಿಗೆ ಕೇಳ್ತಿದ್ದೀನಿ.

ರೈತ: ಮಾರ್ಕೆಟ್ ಆಚೆ ಗೂಡಿನ ವ್ಯಾಪಾರ ಮಾತಾಡೋಹಂಗಿಲ್ಲ ಭಾಯ್. ಕಾಯ್ದೆ ಐತೆ.

ರೀಲರ್: ಬೆಂಚಿನ ಮೇಲೂ ಕಾಯ್ದೆನಾ! ಸರಿ, ಏಳಿ. ಟೀ ದುಡ್ಡು ಕೊಡಿ.

ರೈತ: ನಾನ್ಯಾಕೆ? ರೇಟು ಇಳಿದ ದಿನ ನೀವು, ಏರಿದ ದಿನ ನಾನು, ಹಂಗಲ್ವಾ ನಡ್ಕೊಂಡು ಬಂದಿರೋದು?

ರೀಲರ್: ಇಳಿದಿರೋದು ಗೂಡಿನ ರೇಟು. ನೂಲಿನ ರೇಟು ನೋಡಿದ್ರಾ ಇವತ್ತು?